ಹೊಗೆ ಅಕ್ಕೋರ ಪಿಂಗಾಣಿ ಬಸಿ

ನಮ್ಮ ಮೇಡಂ ತಮ್ಮ ಜೀವಮಾನದಲ್ಲಿ ಒಂದೇ ಒಂದು ಜ್ವಾಲಾಮುಖಿಯನ್ನೂ ಕಣ್ಣಾರೆ ಕಂಡವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಶಿರಸಿಯಲ್ಲಿ ಅವರ ನಿಜವಾದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಹೊಗೆ ಅಕ್ಕೋರು' ಅಂದರೆ ಮಾತ್ರ ರಿಕ್ಷಾದವರು ಸೀದಾ ಅವರ ಮನೆ ಬಾಗಿಲಿಗೆ ತಂದು ಬಿಡುತ್ತಿದ್ದರು. ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಲೆಕ್ಚರರ್. ಆದರೆ ನಮ್ಮ ಕಡೆ ಕಲಿಸುವ ಹೆಂಗಸು ಯಾರೇ ಇರಲಿ, ಒಂದನೇ ಕ್ಲಾಸಿಗೆ ಕಲಿಸಲಿ ಬಿಎಸ್ಸಿಗೆ ಕಲಿಸಲಿ, ಅಕ್ಕೋರೇ. ಅದಕ್ಕೆ ಹೊಗೆ ಅಂಟಿಕೊಂಡದ್ದು ಅವರದೇ ತಪ್ಪು.

ಅವರು ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ. ನಿವೃತ್ತರಾಗಿ ಐದಾರು ವರ್ಷವಾಗಿತ್ತು. ಬಸ್ಸಿರಲಿ, ಒಲೆಯ ಮೇಲಿನ ಹಾಲಿರಲಿ, ಮೇಡಂ ಯಾವುದಕ್ಕೂ ಸಮಯಕ್ಕೆ ಸರಿಯಾಗಿ ಸಿಕ್ಕವರಲ್ಲ. ಹೋಗುವಾಗ ಮಾತ್ರ ಅವಸರ ಮಾಡಿದರು. ಜೀವಮಾನವಿಡೀ ಯಾವ ನೆಂಟನಿಗಾಗಿ ಕಾದಿದ್ದರೋ ಅವನು ಅವರು ಹೋಗಿ ನಾಲ್ಕು ತಿಂಗಳಿಗೆ ಬಂದ. ಅದನ್ನು ಆಮೇಲೆ ಹೇಳುತ್ತೇನೆ.

ಗೀಳು ಹತ್ತಿದ ಕತೆಯನ್ನು ಅವರು ವರ್ಷಕ್ಕೊಮ್ಮೆ ಹೊಸ ಬ್ಯಾಚಿಗೆ ತಪ್ಪದೆ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಫಿಲಿಪೈನ್ಸ್ ದೇಶದ ಗುಡ್ಡವೊಂದು ಒಡೆದು, ಅದರ ಗಂಧಕದ ಹೊಗೆ ಮಳೆ ಮೋಡಗಳನ್ನೂ ದಾಟಿ ಮೇಲೇರಿತ್ತಂತೆ. ಅಲ್ಲಿ ಮಳೆ ಇಲ್ಲ, ತೊಳೆದು ಕೆಳಗಿಳಿಸುವವರಿಲ್ಲ. ಗಂಧಕ ನೀರಿನ ಆವಿಯ ಜೊತೆ ಸೇರಿ ಸಣ್ಣ ಸಣ್ಣ ಆಮ್ಲದ ಹನಿಯಾಗಿ, ಇಡೀ ಭೂಮಿಯ ಸುತ್ತ ಒಂದು ತೆಳು ಸೆರಗು ಹೊದೆಸಿ, ಬಿಸಿಲನ್ನು ಅಷ್ಟಿಷ್ಟು ವಾಪಸು ಕಳಿಸಿ, ಲೋಕವನ್ನೇ ಚೂರು ತಂಪು ಮಾಡಿತು. ಆ ಚಳಿಗಾಲ ಕಾಲೇಜಿನ ಮೈದಾನದಲ್ಲಿ ನಿಂತಿದ್ದ ಮೇಡಂಗೆ ಸೂರ್ಯ ಮುಳುಗಿದ ಮೇಲೂ ಪಶ್ಚಿಮದಲ್ಲಿ ನೇರಳೆ ಹಣ್ಣು ಹಿಚುಕಿದ ಬಣ್ಣ ಕಾಣಿಸಿತು. ಕಾರಣ ಏನೆಂದು ಪುಸ್ತಕ ಹುಡುಕಿ ತಿಳಿದುಕೊಂಡರು. ಅಲ್ಲಿಂದ ಶುರು.

"ಅಷ್ಟು ದೂರದ ಗುಡ್ಡ ನಮ್ಮ ಶಿರಸಿ ಸಂಜೆಗೆ ಬಣ್ಣ ಬಳೀತು ಅಂದ್ರೆ ನೋಡಿ. ಅಂಥ ನೆಂಟರು ಮತ್ತೊಂದ್ಸಲ ಬಂದ್ರೆ ಕೂರಲಿಕ್ಕೆ ಒಂದು ಮಣೆ ಬೇಡ್ವಾ?"

ಆ ಮಣೆಯೇ ಪಿಂಗಾಣಿ ಬಸಿ. ಜೊತೆಯ ಚಾ ಕಪ್ಪು ಒಡೆದು ಒಂಟಿಯಾಗಿದ್ದ ಬಿಳಿ ಬಸಿಯೊಂದನ್ನು ಅವರು ತಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟಾಕಿಯ ಪಕ್ಕ, ಒಂದು ಇಟ್ಟಿಗೆಯ ಮೇಲೆ ಇಡುತ್ತಿದ್ದರು. ದಿನಾ ಬೆಳಿಗ್ಗೆ ಅದರಲ್ಲಿ ಬಿದ್ದ ಧೂಳನ್ನು ಮೆತ್ತನೆ ಕುಂಚದಿಂದ ಕಾಗದಕ್ಕೆ ಗುಡಿಸಿ, ಕಾಲೇಜಿಗೆ ತಂದು, ಸೂಕ್ಷ್ಮದರ್ಶಕದ ಕೆಳಗೆ ಹಿಡಿಯುವುದು. ಜ್ವಾಲಾಮುಖಿಯ ಬೂದಿಯಾದರೆ ಒಡೆದ ಗಾಜಿನ ಹಾಗೆ ಚೂಪು ಅಂಚು ಇರಬೇಕು. ಇವರ ಬಸಿಯಲ್ಲಿ ಸಿಗುತ್ತಿದ್ದದ್ದು ರಸ್ತೆಯ ಕೆಂಪು ಮಣ್ಣು, ಹೂವಿನ ಪರಾಗ, ಪಕ್ಕದ ಮನೆಯ ಬಚ್ಚಲೊಲೆಯ ಮಸಿ. ಒಂದು ದಿನ ಕಾಗೆ ತಂದುಹಾಕಿದ ಅರ್ಧ ಉದ್ದಿನವಡೆಯೂ ಸಿಕ್ಕಿತ್ತು. ಅದನ್ನೂ ಅವರು ಬರೆದಿಟ್ಟರು. ಉದ್ದನೆಯ ಹಾಜರಿ ಪುಸ್ತಕದಂಥ ನೋಟುಬುಕ್ಕು. ಎಡಗಡೆ ತಾರೀಕು, ನಡುವೆ ಗಾಳಿಯ ದಿಕ್ಕು, ಬಲತುದಿಯಲ್ಲಿ ಒಂದೇ ಶಬ್ದ: ಇಲ್ಲ. ಮರುದಿನ: ಇಲ್ಲ. ಅದರ ಮರುದಿನ: ಇಲ್ಲ. ಇಲ್ಲ ಅನ್ನುವುದನ್ನು ಅಷ್ಟು ಚಂದದ ಅಕ್ಷರದಲ್ಲಿ ಅಷ್ಟು ವರ್ಷ ಬರೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಗೆ ಕಂಡರೆ ಅವರಿಗೆ ನಿಲ್ಲಲೇಬೇಕು. ನಾವು ಎರಡನೇ ವರ್ಷದಲ್ಲಿದ್ದಾಗ ದಾಸನಕೊಪ್ಪದ ಕಡೆ ಒಂದು ಆಲೆಮನೆಗೆ ಇಡೀ ಕ್ಲಾಸನ್ನು ಕರೆದುಕೊಂಡು ಹೋಗಿದ್ದರು. ನಾವೆಲ್ಲ ಕಬ್ಬಿನ ಹಾಲು, ನೊರೆಬೆಲ್ಲ ಅಂತ ಬಾಯಿ ಚಪ್ಪರಿಸಿಕೊಂಡು ಹೋದರೆ, ಮೇಡಂ ಚಿಮಣಿಯ ಎದುರಿಗೆ ಬಿಸಿಲಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹೊಗೆ ಹೇಗೆ ಬುಡದಲ್ಲಿ ನೂಕುನುಗ್ಗಲಾಗಿ ಏಳುತ್ತದೆ, ಸುತ್ತಲಿನ ತಂಪು ಗಾಳಿಯನ್ನು ಒಳಗೆ ಎಳೆದುಕೊಂಡು ಹೇಗೆ ಹಿಗ್ಗುತ್ತದೆ, ಇನ್ನು ಏರಲು ಬಲ ಸಾಲದು ಅಂದಾಗ ಹೇಗೆ ಕೊಡೆಯ ಹಾಗೆ ಅಗಲವಾಗಿ ಅಡ್ಡ ಹರಿಯುತ್ತದೆ, ನೋಡಿ ಚಿತ್ರ ಬರೆಯಿರಿ ಅಂದರು. ನಲವತ್ತು ಜನ ತುಟಿ ಒಣಗಿಸಿಕೊಂಡು ಹೊಗೆಯ ಚಿತ್ರ ಬರೆದೆವು. ಕಡೆಗೆ ಆಲೆಮನೆಯ ಯಜಮಾನರಿಗೇ ನಮ್ಮ ಮೇಲೆ ಕನಿಕರ ಬಂತು.

"ಹುಡುಗರು ಒಂದೀಟು ಕುಡೀಲಿ ಬಿಡ್ರಿ ಅಕ್ಕಾರ. ಹೊಗಿ ಎಲ್ಲಿಗೂ ಓಡಿ ಹೋಗೂದಿಲ್ಲ."

"ಅದೇ ನೋಡಿ ಸಮಸ್ಯೆ. ಓಡಿ ಹೋಗ್ತಾ ಇದೆ" ಅಂದರು ಮೇಡಂ, ಕಣ್ಣು ಕೀಳದೆ.

ಯಜಮಾನರು ನಮ್ಮ ಕಡೆ ತಿರುಗಿ, ಅಕ್ಕಾರಿಗೆ ಆರಾಮ ಐತಿಲ್ಲೋ ಅಂತ ಮೆಲ್ಲಗೆ ಕೇಳಿದರು.

ಪಾಠ ಮಾತ್ರ ಮರೆಯುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಒಲೆಯ ಬೂದಿ, ಇನ್ನೊಂದು ಕೈಯಲ್ಲಿ ಕುಟ್ಟಿ ಪುಡಿ ಮಾಡಿದ ಬಲ್ಬಿನ ಗಾಜು ಹಿಡಿದು ಬರುತ್ತಿದ್ದರು. ಇದರಿಂದ ಪಾತ್ರೆ ತಿಕ್ಕಬಹುದು, ಇದರಿಂದ ತಿಕ್ಕಿದರೆ ಪಾತ್ರೆಯೇ ಸವೆದೀತು. ಜ್ವಾಲಾಮುಖಿಯ ಬೂದಿ ಎರಡನೇ ಜಾತಿಯದು, ಸುಟ್ಟದ್ದಲ್ಲ, ಕರಗಿದ ಕಲ್ಲು ಸಿಡಿದು ಪುಡಿಯಾದದ್ದು. ವಿಮಾನದ ಎಂಜಿನ್ನಿಗೆ ಹೋದರೆ ಅಲ್ಲಿನ ಕಾವಿಗೆ ಮತ್ತೆ ಕರಗಿ, ಬೆಲ್ಲದ ಪಾಕ ಬಾಣಲೆಗೆ ಹಿಡಿದ ಹಾಗೆ ಹಿಡಿಯುತ್ತದೆ. ಹುಲ್ಲಿನ ಮೇಲೆ ಬಿದ್ದರೆ ಅದರಲ್ಲಿರುವ ಫ್ಲೋರಿನ್ ದನಗಳ ಹಲ್ಲು ಮೂಳೆ ತಿನ್ನುತ್ತದೆ. ಅದೇ ಬೂದಿ ಕಾಲಾಂತರದಲ್ಲಿ ಮಣ್ಣಾದರೆ ಅದರಷ್ಟು ಒಳ್ಳೆಯ ಹೊಲವಿಲ್ಲ. "ಅತ್ತೆಯಂದಿರ ಹಾಗೆ. ಮೊದಲು ಸುಡ್ತಾರೆ, ಆಮೇಲೆ ಅವರ ಪುಣ್ಯದಲ್ಲೇ ಮನೆ ನಡೀತದೆ" ಅಂತ ಒಂದು ಮಾತು ಸೇರಿಸುವರು. ಸ್ವತಃ ಮದುವೆಯಾಗದ ಅವರಿಗೆ ಅತ್ತೆಯ ವಿಚಾರ ಏನು ಗೊತ್ತು ಅಂತ ಕೇಳುವ ಧೈರ್ಯ ನಮಗಿರಲಿಲ್ಲ.

ಅವರಿಗೆ ಸಿಟ್ಟು ಬರಿಸಬೇಕೆಂದರೆ ಯಾಣದ ಹೆಸರು ಹೇಳಿದರೆ ಸಾಕಿತ್ತು. ಭಸ್ಮಾಸುರ ಸುಟ್ಟ ಜಾಗ, ಕರೀ ಬಂಡೆ, ಕರೀ ಮಣ್ಣು, ಅದು ಹಳೇ ಜ್ವಾಲಾಮುಖಿಯೇ ಅಲ್ವಾ ಮೇಡಂ ಅಂತ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಪ್ರತಿ ವರ್ಷವೂ ಅವರು ಸೀಮೆಸುಣ್ಣ ಕೆಳಗಿಟ್ಟು, ಅದು ಸುಣ್ಣಕಲ್ಲು, ಆಮ್ಲ ಹಾಕಿದರೆ ಬುರುಬುರು ನೊರೆ ಬರುತ್ತದೆ, ನಾನೇ ಹಾಕಿ ನೋಡಿದ್ದೇನೆ ಅನ್ನುತ್ತಿದ್ದರು. ದೇವರ ಬಂಡೆಗೆ ಆಮ್ಲ ಹಾಕಿದ ಹೆಂಗಸು ಅನ್ನುವ ಇನ್ನೊಂದು ಖ್ಯಾತಿಯೂ ಅವರಿಗೆ ಹಾಗೆ ಬಂತು.

ಒಮ್ಮೆ ರಜೆ ಕೂಡಿಸಿಕೊಂಡು ಅಂಡಮಾನಿಗೂ ಹೋಗಿ ಬಂದರು. ನಮ್ಮ ದೇಶದಲ್ಲಿ ಈಗಲೂ ಹೊಗೆಯಾಡುವ ಜ್ವಾಲಾಮುಖಿ ಇರುವುದು ಅಲ್ಲಿನ ಒಂದು ದ್ವೀಪದಲ್ಲಿ ಮಾತ್ರ. ದೂರದಿಂದ ತೋರಿಸಿಕೊಂಡು ಬರುವ ಹಡಗು ಹತ್ತಿದರು. ವಾಂತಿ ಮಾಡಿ ಮಾಡಿ ಸುಸ್ತಾಗಿ, ಕಂಬಿ ಹಿಡಿದು ಎದ್ದು ನಿಂತು ನೋಡಿದರೆ ದ್ವೀಪದ ತಲೆಯ ಮೇಲೆ ಬೆಳ್ಳಗೆ ಏನೋ ಕೂತಿದೆ, ಗುಡ್ಡವೇ ಕಾಣುವುದಿಲ್ಲ. ಹಡಗಿನವರೆಲ್ಲ ಹೊಗೆ ಹೊಗೆ ಅಂತ ಫೋಟೋ ಹೊಡೆದುಕೊಂಡರು. ಮೇಡಂ ವಾಪಸು ಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮುತ್ತಿಕೊಂಡು, ಕಡೆಗೂ ಕಂಡಿರಲ್ಲ ಅಂದರು. "ಹೊಗೆಯೋ ಮೋಡವೋ ಎಂಗೆ ಗೊತ್ತಾಯ್ದಿಲ್ಲೆ. ಹಾಗಾಗಿ ಮೋಡ ಅಂತ ಬರ್ಕೊಂಡೆ" ಅಂದರಂತೆ. ಸಿದ್ದಾಪುರದ ತ್ಯಾಗಲಿ ಕಡೆಯ ಅವರ ಮನೆಮಾತು ಬೇಜಾರಾದಾಗ ಹೀಗೆ ತಾನಾಗಿ ಹೊರಬರುತ್ತಿತ್ತು. ಅಷ್ಟು ದೂರ ಹೋಗಿ, ಅಷ್ಟು ವಾಂತಿ ಮಾಡಿ, ಮೋಡ ಅಂತ ಬರೆದುಕೊಂಡು ಬಂದವರು ಅವರು. ಪ್ರಯೋಗಾಲಯದ ಗೋಡೆಗೆ ಅವರದೇ ಕೈಬರಹದ ಒಂದು ರಟ್ಟು ತೂಗುಹಾಕಿತ್ತು: 'ಇದ್ದದ್ದು ಬರಿ. ಬೇಕಾದದ್ದು ಬರೀಬೇಡ.'

ಈಗ ನನ್ನ ವಿಷಯ. ನಮ್ಮದು ಭೈರುಂಬೆಯ ಹತ್ತಿರದ ಊರು. ಅಪ್ಪ ಕೊನೆಗೌಡ. ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಮರದ ತುದಿಯಲ್ಲಿ ಕೂತು ಮದ್ದು ಹೊಡೆಯುವುದು ಅವನ ಕೆಲಸ. ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ಮದ್ದು. ಅವನ ಅಂಗಿ, ಉಗುರು, ಕಿವಿಯ ಹಿಂಭಾಗ ಎಲ್ಲ ಆಷಾಢದಿಂದ ಭಾದ್ರಪದದವರೆಗೆ ನೀಲಿ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವಳು ನಾನೇ ಮೊದಲು, ಡಿಗ್ರಿ ಮಾಡಿದವಳೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೇಳಿಕೊಳ್ಳುವಷ್ಟು ಕಷ್ಟಪಟ್ಟಿದ್ದೇನೆ. ಟೈಟ್ರೇಶನ್ ಮಾಡುವಾಗ ನನ್ನ ಕೈ ನಡುಗುವುದಿಲ್ಲ ಅಂತ ಮೇಡಂ ಮೊದಲ ತಿಂಗಳೇ ಗುರುತಿಸಿದ್ದರು. ಯಾರ ಮಗಳು ಅಂತ ಕೇಳಿ ತಿಳಿದ ಮೇಲೆ, ನಲವತ್ತಡಿ ಮೇಲೆ ಕೂತು ಕೆಲಸ ಮಾಡುವವರ ಮಗಳ ಕೈ ನಡುಗೀತು ಹೇಗೆ ಅಂದರು. ಕಾಲೇಜಿನಲ್ಲಿ ಅಪ್ಪನ ಕೆಲಸದ ಹೆಸರೆತ್ತಿ ನನ್ನನ್ನು ಹೊಗಳಿದವರು ಅವರೊಬ್ಬರೇ.

ನಾನು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಐಸ್‌ಲ್ಯಾಂಡಿನ ಗುಡ್ಡವೊಂದು ಹೊಗೆ ಬಿಟ್ಟು ಯುರೋಪಿನ ವಿಮಾನಗಳೆಲ್ಲ ನೆಲದ ಮೇಲೆ ನಿಂತವು. ಮೇಡಂಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೂದಿ ಇಷ್ಟು ದೂರ ಬರಲಿಕ್ಕಿಲ್ಲ, ಗಂಧಕವಾದರೂ ಚೂರು ಬಂದರೆ ನಮ್ಮ ಮೊದಲ ಮಳೆಯಲ್ಲಿ ಸಿಕ್ಕಬೇಕು. ಪೇಟೆಯ ಮಳೆಯಲ್ಲಿ ಲಾರಿ ಹೊಗೆ ಬೆರೆತಿರುತ್ತದೆ. ಹಾಗಾಗಿ ಒಂದು ಬಾಟಲಿ ತಮ್ಮ ತಾರಸಿಗೆ, ಒಂದು ಬಾಟಲಿ ಹಳ್ಳಿಗೆ, ಅಂದರೆ ನಮ್ಮ ಮನೆಗೆ. ಸೀಮೆಎಣ್ಣೆ ಹೊಯ್ಯುವಂಥ ದೊಡ್ಡ ಆಲಿಕೆ, ಅದರ ಕೆಳಗೆ ಗಾಜಿನ ಬಾಟಲಿ, ಎರಡನ್ನೂ ಹಿಡಿದುಕೊಂಡು ಒಂದು ಭಾನುವಾರ ಅವರೇ ಬಂದರು.

ಬಂದವರು ಅಪ್ಪನಿಗೆ, "ನೀವು ಕೊಟ್ಟಿಗೆಯ ಮಾಡಿನಿಂದ ದೂರ, ಅಂಗಳದ ನಡುವೆ ಒಂದು ಕಂಬ ಹುಗಿದು ಕೊಡ್ತೀರಾ?" ಅಂದರು. ಅಪ್ಪ ಹಿಂದೆ ತಿರುಗಿ ನೋಡಿದ. ಅವನನ್ನು ತೋಟದವರೆಲ್ಲ ಏಕವಚನದಲ್ಲಿ ಕರೆಯುವವರು. 'ನೀವು' ಅಂದದ್ದು ತನಗೇ ಅಂತ ಗೊತ್ತಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಕಂಬ ಹುಗಿದದ್ದು ನೋಡಬೇಕಿತ್ತು, ಆನೆ ಕಟ್ಟಬಹುದಿತ್ತು ಅದಕ್ಕೆ. ಮೇಡಂ ಹೊರಡುವಾಗ, ಎಲೆ ಹುಳ ಬೀಳದ ಹಾಗೆ ಆಲಿಕೆಯ ಬಾಯಿಗೆ ಒಂದು ತೆಳು ಬಟ್ಟೆ ಕಟ್ಟಲು ಹೇಳಿ, ಬಸ್ಸು ತಪ್ಪುತ್ತದೆಂದು ಓಡಿದರು. ಬಸ್ಸು ತಪ್ಪಿತು ಬಿಡಿ.

ಮಳೆ ಬಂತು. ವಾರಕ್ಕೊಮ್ಮೆ ನಾನು ಬಾಟಲಿ ಹೊತ್ತು ಕಾಲೇಜಿಗೆ. ಮೊದಲ ಸಲ ಆ ನೀರಿಗೆ ಒಂದೆರಡು ಹನಿ ಆಮ್ಲ, ಆಮೇಲೆ ಬೇರಿಯಂ ಕ್ಲೋರೈಡ್ ಹಾಕಿದಾಗ ಟೆಸ್ಟ್‌ಟ್ಯೂಬಿನಲ್ಲಿ ಬೆಳ್ಳಗೆ ಹಾಲು ಒಡೆದ ಹಾಗೆ ಇಳಿಯಿತು. ಸಲ್ಫೇಟು. ಗಂಧಕದ ಗುರುತು. ಎರಡನೇ ವಾರವೂ ಇಳಿಯಿತು. ಮೂರನೇ ವಾರ ಸ್ವಲ್ಪ ಕಡಿಮೆ, ಆದರೂ ಇಳಿಯಿತು. ಮೇಡಂ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು, "ಎಂತದೇ ಕೂಸೇ ಇದು" ಅಂದರು. ಅಷ್ಟೇ. ಅವತ್ತು ಎರಡು ಪೀರಿಯಡ್ ಪಾಠ ಮಾಡಲಿಲ್ಲ.

ತಪ್ಪು ಎಲ್ಲಿದೆಯೆಂದು ನೋಡುವ ಕಣ್ಣಿದ್ದರೆ ಅವತ್ತೇ ಕಾಣುತ್ತಿತ್ತು. ಗಂಧಕದ ಮಳೆಯಾದರೆ ನೀಲಿ ಲಿಟ್ಮಸ್ ಕೆಂಪಾಗಬೇಕು, ನಮ್ಮದು ಆಗಲಿಲ್ಲ. ಗಾಳಿಯಲ್ಲಿನ ಮಣ್ಣು ಆಮ್ಲವನ್ನು ನುಂಗಿರಬೇಕು ಅಂದರು ಮೇಡಂ. ಹೋಲಿಸಿ ನೋಡಲು ಪೇಟೆಯ ಬಾಟಲಿ ಬೇಕಿತ್ತು. ಅದನ್ನು ಮಂಗ ಬೀಳಿಸಿ ಒಡೆದಿತ್ತು. ಇರಲಿ, ಹಳ್ಳಿಯದೇ ಮುಖ್ಯ ಅಂದರು. ಇಪ್ಪತ್ತು ವರ್ಷ ಇಲ್ಲ ಇಲ್ಲ ಅಂತ ಬರೆದ ಕೈ ಅದು. ನೋಟುಬುಕ್ಕಿನ ಬಲತುದಿಯಲ್ಲಿ ಮೊದಲ ಸಲ 'ಬಂದಿದೆ' ಅಂತ ಬರೆದರು, ಕೆಳಗೆ ಗೆರೆ ಎಳೆದರು.

ಅಲ್ಲಿಗೆ ನಿಲ್ಲಲಿಲ್ಲ. ಧಾರವಾಡದಲ್ಲಿ ನಡೆಯುವ ವಿಜ್ಞಾನ ಸಮ್ಮೇಳನಕ್ಕೆ ಪ್ರಬಂಧ ಬರೆದರು. ಅವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಹಾಕಿದರು. ಶಿರಸಿಯ ಪೇಪರಿನವರೊಬ್ಬರು ಸುಳಿವು ಹಿಡಿದು 'ಶಿರಸಿ ಮಳೆಯಲ್ಲಿ ಜ್ವಾಲಾಮುಖಿ' ಅಂತ ದಪ್ಪಕ್ಷರದಲ್ಲಿ ಹಾಕಿಯೇಬಿಟ್ಟರು. ಅದರಲ್ಲಿ ನನ್ನ ಹೆಸರಿರಲಿಲ್ಲ, 'ವಿದ್ಯಾರ್ಥಿನಿಯ ಸಹಾಯದಿಂದ' ಅಂತಿತ್ತು. ಅಪ್ಪ ಅದನ್ನೇ ಮಡಚಿ ಜೇಬಿನಲ್ಲಿಟ್ಟುಕೊಂಡು ತೋಟ ತೋಟಕ್ಕೆ ತಿರುಗಿದ. ಹೆಸರು ಧಾರವಾಡದ ಪುಸ್ತಕದಲ್ಲಿ ಬರ್ತದೆ ಅಂತ ಮರದ ಮೇಲಿಂದ ಕೂಗಿ ಹೇಳಿದನಂತೆ.

ಸಮ್ಮೇಳನಕ್ಕೆ ಹತ್ತು ದಿನವಿತ್ತು. ಎರಡನೇ ಸುತ್ತಿನ ಮದ್ದಿನ ಸಮಯ. ಅಪ್ಪ ಅಂಗಳದಲ್ಲಿ ಪೀಪಾಯಿಗೆ ನೀಲಿ ಮದ್ದು ಸೋಸಿ ಹೊಯ್ಯುತ್ತಾ ಗೊಣಗುತ್ತಿದ್ದ. ಈ ಹೊಸ ಬಟ್ಟೆಯ ಕಣ್ಣು ದೊಡ್ಡದು, ಸುಣ್ಣದ ಚರಟವೆಲ್ಲ ಇಳಿದು ಪಂಪಿಗೆ ಕಟ್ಟುತ್ತದೆ, ಹಳೆಯದರ ಹಾಗೆ ಆಗುವುದಿಲ್ಲ.

"ಹಳೇದು ಎಲ್ಲಿ ಹೋಯ್ತು ಅಪ್ಪಾ?"

"ಅಕ್ಕೋರ ಬಾಟ್ಲಿಗೆ ಕೊಟ್ಟೆ ಅಲ್ದಾ."

ನಾನು ಅಂಗಳದ ನಡುವಿನ ಕಂಬದ ಕಡೆ ನೋಡಿದೆ. ಆಲಿಕೆಯ ಬಾಯಿಗೆ ಬಿಗಿಯಾಗಿ ಕಟ್ಟಿದ್ದ, ತೊಳೆದು ಬೆಳ್ಳಗಾಗಿದ್ದ ಹಳೇ ಪಂಚೆಯ ತುಂಡು. ನಾಲ್ಕು ಮಳೆಗಾಲ ಮೈಲುತುತ್ತ ಸೋಸಿದ ಬಟ್ಟೆ. ಮೈಲುತುತ್ತ ಅಂದರೇನು? ತಾಮ್ರದ ಸಲ್ಫೇಟು. ಅದಕ್ಕೆ ಸುಣ್ಣ ಸೇರಿದರೆ ಬಟ್ಟೆಯ ನೂಲಿನಲ್ಲಿ ಕೂತುಕೊಳ್ಳುವುದೂ ಸಲ್ಫೇಟೇ. ವಾರ ವಾರ ಚೂರು ಚೂರೇ ಮಳೆಗೆ ಬಿಟ್ಟುಕೊಟ್ಟಿದೆ. ಲಿಟ್ಮಸ್ ಯಾಕೆ ಕೆಂಪಾಗಲಿಲ್ಲ ಅನ್ನುವುದೂ ಆ ಸುಣ್ಣದಲ್ಲೇ ಇತ್ತು. ಐಸ್‌ಲ್ಯಾಂಡಿನ ಗುಡ್ಡ ಅಂದುಕೊಂಡದ್ದು ನಮ್ಮ ಅಪ್ಪನ ಪಂಚೆ.

ಅಪ್ಪನಿಗೆ ಬಿಡಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು. ಮನೆಯಲ್ಲಿ ಅದಕ್ಕಿಂತ ಚಲೋ ಸೋಸುವ ಬಟ್ಟೆ ಇರಲಿಲ್ಲ, ನೀವು ಅಂತ ಕರೆದವರಿಗೆ ಹರಕು ಮುರುಕು ಕೊಡುವುದು ಹೇಗೆ ಅಂತ ಯೋಚಿಸಿ, ತನ್ನ ಕೆಲಸಕ್ಕೆ ತೊಂದರೆ ಮಾಡಿಕೊಂಡು ಅದನ್ನೇ ಕೊಟ್ಟಿದ್ದ. "ಮೂರು ನೀರಲ್ಲಿ ತೊಳ್ದಿದ್ನಲ್ಲೇ" ಅಂತ ಎರಡೆರಡು ಸಲ ಅಂದ. ಆಮೇಲೆ, ಹೇಳಲೇಬೇಕಾ ಅಂತ ಕೇಳಿದ. ನಿನ್ನ ಹೆಸರು ಹೋಗ್ತದಲ್ಲ.

ಸುಳ್ಳು ಹೇಳಲಾರೆ, ಮೂರು ದಿನ ನಾನು ಬಾಯಿ ಬಿಡಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಟ್ಟೆ ಬಿಚ್ಚಿ ಒಲೆಗೆ ಹಾಕಿದ್ದರೆ ಮುಗಿಯಿತು, ನಮ್ಮ ಮನೆತನದ ಹೆಸರು ಮೊದಲ ಬಾರಿಗೆ ಅಚ್ಚಾಗುತ್ತಿತ್ತು. ಮೇಡಂ ಅಷ್ಟು ವರ್ಷ ಕಾದದ್ದಕ್ಕೂ ಏನೋ ಒಂದು ಸಿಕ್ಕಂತಾಗುತ್ತಿತ್ತು. ಆದರೆ ದಿನಾ ಪ್ರಯೋಗಾಲಯಕ್ಕೆ ಹೋದರೆ ಎದುರಿಗೇ ಆ ರಟ್ಟು. ನಾಲ್ಕನೇ ದಿನ ಬಟ್ಟೆಯನ್ನು ಬಿಚ್ಚಿ ಪೊಟ್ಟಣ ಕಟ್ಟಿಕೊಂಡು ಹೋದೆ. ಅವರ ಎದುರಿಗೇ ಬಟ್ಟೆಯ ತುದಿ ಕತ್ತರಿಸಿ ಟ್ಯೂಬಿಗೆ ಹಾಕಿ ಅಮೋನಿಯ ಹೊಯ್ದೆ. ಬೆಳ್ಳಗಿದ್ದ ಬಟ್ಟೆಯ ಸುತ್ತ ನೀರು ನಿಧಾನ ಕಡು ನೀಲಿಯಾಯಿತು. ತಾಮ್ರವಿದ್ದರೆ ಮಾತ್ರ ಬರುವ ನೀಲಿ.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೊದಲು, ಜ್ವಾಲಾಮುಖಿಯ ಹೊಗೆಯಲ್ಲೂ ತಾಮ್ರ ಅಲ್ಪಸ್ವಲ್ಪ ಇರುತ್ತದೆ ಅಂತ ಶುರು ಮಾಡಿದರು. ಅರ್ಧ ವಾಕ್ಯ ಹೇಳಿ ನಿಲ್ಲಿಸಿದರು. ಗೋಡೆಯ ಕಡೆ ನೋಡಲಿಲ್ಲ, ನೋಡುವುದು ಬೇಕಿರಲಿಲ್ಲ.

"ಇದು ಯಾರ ಬಣ್ಣ ಅಂತ ಗೊತ್ತಿದ್ದೇ ನೀನು ತಂದಿದ್ದೆ ಅಲ್ದನೇ?"

"ಹೌದು ಮೇಡಂ. ಅಪ್ಪನ ಅಂಗಿ ಬಣ್ಣ."

"ಅಪ್ಪಂಗೆ ಗೊತ್ತಿದ್ದಾ?"

"ಹೆದರಿದ್ದಾನೆ ಮೇಡಂ."

ಅವರು ನೋಟುಬುಕ್ಕು ತೆಗೆದು ಕೆಂಪು ಶಾಯಿಯಲ್ಲಿ 'ಬಂದಿದೆ'ಯ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ 'ಬಟ್ಟೆ' ಅಂತ ಬರೆದರು. ಅದೇ ಚಂದದ ಅಕ್ಷರ. ಆಮೇಲೆ ಪುಸ್ತಕ ಮುಚ್ಚಿ, ಭೈರುಂಬೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು. ಅವತ್ತೊಂದು ದಿನ ಅವರಿಗೆ ಬಸ್ಸು ಸಿಕ್ಕಿತು.

ಅಪ್ಪ ಕೈ ಮುಗಿದುಕೊಂಡು ಕಂಬದ ಹತ್ತಿರ ನಿಂತಿದ್ದ. ಮೇಡಂ ಸೀದಾ ಅವನ ಎದುರಿಗೆ ಹೋದರು. ಬಾಟಲಿ ಇಟ್ಟವಳು ನಾನು, ಬಾಯಿ ಕಟ್ಟುವಾಗ ನಿಂತು ನೋಡಬೇಕಾದವಳೂ ನಾನೇ, ಬಸ್ಸಿನ ಹಿಂದೆ ಓಡಿದೆ, ತಪ್ಪು ನನ್ನದು ಅಂದರು. ಅವ್ವ ಕೊಟ್ಟ ಚಾ ಕುಡಿದರು. ಹೊರಡುವಾಗ ಅಪ್ಪನಿಗೆ, "ನಿಮ್ಮ ಬಟ್ಟೆ ನಾನು ಇಟ್ಕೊಳ್ತೆ. ಧಾರವಾಡಕ್ಕೆ ಬೇಕು" ಅಂದರು.

ನಾನು ಪ್ರಬಂಧ ಹೋಯಿತು ಅಂದುಕೊಂಡಿದ್ದೆ. ಅವರು ಹೊಸದಾಗಿ ಬರೆದರು: ಮಳೆಯಲ್ಲಿ ಜ್ವಾಲಾಮುಖಿಯನ್ನು ಹುಡುಕುವಾಗ ಹೇಗೆ ಮೋಸಹೋಗಬಹುದು ಅಂತ. ನನ್ನ ಹೆಸರನ್ನು ತಮ್ಮ ಹೆಸರಿಗಿಂತ ಮುಂದೆ ಹಾಕಿದರು. ಧಾರವಾಡದ ಆ ದೊಡ್ಡ ಸಭೆಯಲ್ಲಿ ಪಂಚೆಯ ತುಂಡನ್ನು ಬಿಡಿಸಿ ಎತ್ತಿ ತೋರಿಸಿದರು. ಜನ ನಕ್ಕರು, ಮೇಡಂ ಕೂಡ ನಕ್ಕರು. ಹಿರಿಯರೊಬ್ಬರು ಎದ್ದು, ಹಾಗಾದ್ರ ನೀವು ಕಂಡುಹಿಡಿದದ್ದಾದ್ರೂ ಏನ್ರಿ ಅಂತ ಕೇಳಿದರು. "ಶಿರಸಿಗೆ ಹೊಗೆ ಬಂದಿಲ್ಲ ಅಂತ. ಬಂದಿದೆ ಅಂತ ಹೇಳಿ ನಾನು ಹೋಗಿಬಿಡ್ತಿದ್ದೆ. ಈ ಹುಡುಗಿ ಬಿಡಲಿಲ್ಲ" ಅಂದರು.

ಶಿರಸಿಯ ಪೇಪರಿನವರಿಗೆ ತಿದ್ದುಪಡಿ ಹಾಕುವ ಮನಸ್ಸಿರಲಿಲ್ಲ. ಜ್ವಾಲಾಮುಖಿ ಬಂದದ್ದು ಸುದ್ದಿ, ಬಾರದ್ದು ಏನು ಸುದ್ದಿ ಅಕ್ಕೋರೆ ಅಂದರಂತೆ. ಮೇಡಂ ಮೂರು ವಾರ ಬಿಡದೆ ಅವರ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತರು. ಕಡೆಗೊಂದು ದಿನ ಅಡಿಕೆ ಧಾರಣೆಯ ಕೆಳಗೆ ಎರಡು ಸಾಲು ಬಂತು. ಅದರಲ್ಲಿ ನನ್ನ ಹೆಸರಿತ್ತು, ತಪ್ಪು ಕಂಡುಹಿಡಿದವಳು ಅಂತ. ಧಾರವಾಡದ ಪುಸ್ತಕ ಬಂದದ್ದು ಆಮೇಲೆ, ನಮ್ಮ ಮನೆತನದ ಹೆಸರು ಮೊದಲ ಸಲ ಅಚ್ಚಾದದ್ದು ತಿದ್ದುಪಡಿಯಲ್ಲಿ. ಅಪ್ಪ ಅದನ್ನು ಲ್ಯಾಮಿನೇಶನ್ ಮಾಡಿಸಿದ್ದಾನೆ. ಅವತ್ತಿನ ಚಾಲಿ, ಕೆಂಪಡಿಕೆ, ಬೆಟ್ಟೆಯ ದರವೂ ಜೊತೆಗೇ ಗೋಡೆಯ ಮೇಲಿದೆ.

ನಾನು ಈಗ ಯಲ್ಲಾಪುರದಲ್ಲಿ ಹೈಸ್ಕೂಲು ವಿಜ್ಞಾನ ಶಿಕ್ಷಕಿ. ಅಕ್ಕೋರೇ. ಮೇಡಂ ತೀರಿಕೊಂಡ ಮೇಲೆ ಅವರ ತಮ್ಮ ತ್ಯಾಗಲಿಯಿಂದ ಬಂದು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋದರು. ಅಕ್ಕ ನಿಮಗೆ ಅಂತ ಬರೆದಿಟ್ಟಿದ್ದಳು, ನಮಗಂತೂ ಇದರ ತಲೆಬುಡ ತಿಳಿಯಲಿಲ್ಲ ಅಂದರು. ಒಳಗೆ ನೋಟುಬುಕ್ಕುಗಳು, ಆ ಬಸಿ, ಮಡಚಿದ ಪಂಚೆಯ ತುಂಡು. ಕೊನೆಯ ಬರಹ ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ಗಾಳಿ ನೈಋತ್ಯದಿಂದ. 'ಇಲ್ಲ.'

ನಾಲ್ಕು ತಿಂಗಳಿಗೆ ಆಫ್ರಿಕಾದಲ್ಲಿ, ಸಾವಿರಾರು ವರ್ಷ ಸುಮ್ಮನಿದ್ದ ಗುಡ್ಡವೊಂದು ಒಡೆಯಿತು. ಅದರ ಹೊಗೆ ಕೆಂಪು ಸಮುದ್ರ, ಅರಬ್ಬೀ ಸಮುದ್ರ ದಾಟಿ ಗುಜರಾತಿನ ಮೇಲೆ ಹಾದು ದಿಲ್ಲಿಯ ಕಡೆ ಹೋಯಿತು. ವಿಮಾನಗಳು ನಿಂತವು, ಟೀವಿಯವರು ಬೊಬ್ಬೆ ಹೊಡೆದರು. ನಕ್ಷೆ ನೋಡಿದೆ. ನಮ್ಮ ತಲೆಯ ಮೇಲೆ ಬರುವುದಲ್ಲ, ಬಂದರೂ ಅಷ್ಟು ಎತ್ತರದ್ದು ಬಸಿಗೆ ಇಳಿಯುವುದಲ್ಲ, ಅದು ನನಗೆ ಗೊತ್ತು. ಆದರೂ ಬಸಿಯನ್ನು ತೊಳೆದು, ಒರೆಸಿ, ಶಾಲೆಯ ತಾರಸಿಯಲ್ಲಿ ಇಟ್ಟಿಗೆಯ ಮೇಲಿಟ್ಟೆ. ಮಣೆ ಹಾಕುವುದು ನಮ್ಮ ಕೆಲಸ.

ಮೂರು ದಿನದ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದೆ. ಎಲ್ಲ ಉರುಟು ಕಣ. ಒಂದೇ ಒಂದು ಚೂಪಾಗಿತ್ತು, ಗಾಜಿನ ಹಾಗೆ ಹೊಳೆಯುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದೆ. ಅದು ಅದೇ ಆಗಿರಲಿ ಅಂತ ಎಷ್ಟು ಬೇಕಿತ್ತು ಅಂದರೆ, ಪೆನ್ನಿನ ಮುಚ್ಚಳ ತೆಗೆದದ್ದೂ ನನಗೆ ಗೊತ್ತಾಗಲಿಲ್ಲ. ಆಮೇಲೆ ತಾರಸಿಗೆ ಹೋಗಿ ನೋಡಿದರೆ, ಟಾಕಿಯ ಆಚೆ ಬದಿಯಲ್ಲಿ ಯಾರೋ ಒಡೆದ ಟ್ಯೂಬ್‌ಲೈಟು ಬಿಸಾಡಿದ್ದರು. ಕೆಳಗಿಳಿದು ಬಂದು ಮೇಡಂ ಬರೆದ ಕೊನೆಯ ಸಾಲಿನ ಕೆಳಗೆ ತಾರೀಕು ಹಾಕಿ, ಗಾಳಿಯ ದಿಕ್ಕು ಬರೆದು, ಬಲತುದಿಯಲ್ಲಿ 'ಇಲ್ಲ' ಅಂತ ಬರೆದೆ. ನನ್ನ ಅಕ್ಷರ ಅವರಷ್ಟು ಚಂದವಿಲ್ಲ.

ಆ ಶನಿವಾರ ಊರಿಗೆ ಹೋದೆ. ಅಪ್ಪ ಮರ ಹತ್ತುವುದನ್ನು ಬಿಟ್ಟು ಮೂರು ವರ್ಷವಾಯಿತು. ಕೆಳಗೆ ಕೂತು ಮದ್ದು ಕಲಸುವುದನ್ನು ಬಿಟ್ಟಿಲ್ಲ, ಅವನ ಉಗುರಿನ ನೀಲಿ ಇನ್ನೂ ಪೂರ್ತಿ ಹೋಗಿಲ್ಲ. ಟೀವಿಯಲ್ಲಿ ಅವನೂ ನೋಡಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದ:

"ಬಂತೇನೇ, ನಿಮ್ಮ ಅಕ್ಕೋರ ಹೊಗೆ?"

"ಇಲ್ಲ ಅಪ್ಪಾ."

ಅವನು ಅಂಗಳದ ನಡುವಿನ ಕಂಬದ ಕಡೆ ನೋಡಿದ. ಅದು ಇನ್ನೂ ಅಲ್ಲೇ ಇದೆ, ಒಂದು ಬೆರಳಿನಷ್ಟೂ ವಾಲಿಲ್ಲ.

"ಈ ಸಲ ನಾ ಏನೂ ಕಟ್ಟಿಲ್ಲ ಮತ್ತೆ" ಅಂದ.